ಹದಿನಾಲ್ಕನೇ ದನಿ

ಮಾರ್ಚ್ ಹನ್ನೆರಡು, ಬೆಳಿಗ್ಗೆ ಒಂಬತ್ತೂ ಇಪ್ಪತ್ತು. ಫೋರ್ಟ್ ಕೊಚ್ಚಿ ಠಾಣೆಗೆ ದೂರು ಕೊಡಲು ಬಂದ ಜೀವಿತಾ ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಾಗಿಲಿಗೆ ಬೆನ್ನು ಹಾಕಲು ಅವರಿಗೆ ಭಯ. ಮೈಸೂರಿನ ಈ ಇತಿಹಾಸಕಾರ್ತಿ, ಮೂವತ್ತೆಂಟು ವರ್ಷದ ಹಿಂದೆ ಗಡಿ ಹಳ್ಳಿಗಳಲ್ಲಿ ಒಂದು ಪಕ್ಷದ ‘ಕಾವಲು ದಳ’ ನಡೆಸಿದ ಕೊಲೆಗಳ ಬಗ್ಗೆ ಕಣ್ಣಾರೆ ಕಂಡವರ ಮಾತನ್ನು ರೆಕಾರ್ಡ್ ಮಾಡುತ್ತಿದ್ದರು. ಇಪ್ಪತ್ತೆರಡು ಮೆಮೊರಿ ಕಾರ್ಡುಗಳಲ್ಲಿ ಹದಿನಾಲ್ಕನೆಯದು ಮಾತ್ರ ಹೋಟೆಲ್ ಕೋಣೆಯಿಂದ ಕಳುವಾಗಿತ್ತು.

“ಆ ಕಾರ್ಡು ದಳದವ್ರ ಕೈಗೆ ಸಿಕ್ರೆ, ಅದ್ರಲ್ಲಿ ಮಾತಾಡಿರೋ ಮನುಷ್ಯನ್ನ ಉಳಿಸಲ್ಲ ಸಾರ್.”

ಹೆಸರು ಮಾತ್ರ ಹೇಳಲಿಲ್ಲ. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದರಂತೆ.

ಕಾಸರಗೋಡಿನವರಾದ ಇನ್ಸ್‌ಪೆಕ್ಟರ್ ವಿಠಲ ಎಫ್‌ಐಆರ್ ದಾಖಲಿಸಿದರು. ಲ್ಯಾಪ್‌ಟಾಪನ್ನು ಯಾರೂ ಮುಟ್ಟಿರಲಿಲ್ಲ. ಕಾರ್ಡುಗಳ ಮೇಲೆ ಬರೀ ಸಂಖ್ಯೆ. ಯಾವ ಸಂಖ್ಯೆ ಯಾರದೆಂದು ಯಾರಿಗೆಲ್ಲ ಗೊತ್ತು ಎಂದು ಕೇಳಿದರು. ತನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಆದರೆ ಮನಸ್ಸು ಬದಲಾದರೆ ಕಾರ್ಡು ವಾಪಸು ಕೇಳಲೆಂದು ಪ್ರತಿಯೊಬ್ಬರಿಗೂ ಅವರ ಸಂಖ್ಯೆ ಹೇಳಿರುತ್ತೇನೆ ಎಂದರು ಜೀವಿತಾ.

“ಹದಿನಾಲ್ಕನೆಯವರು ವಾಪಸು ಕೇಳಿದ್ದರಾ?”

ಜೀವಿತಾ ಆಗ ಕುಸಿದು ಕೂತರು. ಎರಡು ಸಲ ಫೋನ್ ಬಂದಿತ್ತು. ಅಷ್ಟು ನಿಜ ಹೇಳಿದವರು ಇನ್ನೊಬ್ಬರಿಲ್ಲವೆಂದು ಆಸೆಗೆ ಬಿದ್ದು, ಕೊಚ್ಚಿಯ ಈ ಹೋಟೆಲಿನಲ್ಲಿರುತ್ತೇನೆ, ಒಂದು ವಾರ ಯೋಚಿಸಿ ಎಂದು ಜೀವಿತಾ ಸಾಗಹಾಕಿದ್ದರು. ಕೊನೆಗೆ ಹೆಸರು ಹೇಳಿದರು: ಯಜ್ಞನಾರಾಯಣ, ನಿವೃತ್ತ ಬ್ಯಾಂಕ್ ನೌಕರ, ತಿರುವನಂತಪುರ.

ಕಾನ್‌ಸ್ಟೆಬಲ್ ಗ್ರೇಸಿ ಹೋಟೆಲಿನ ಕ್ಯಾಮೆರಾ ನೋಡಿದರು. ಹಿಂದಿನ ಸಂಜೆ ಆರೂ ಹತ್ತಕ್ಕೆ, ಜೀವಿತಾರ ಸೋದರಮಾವ ಎಂದು ಹೇಳಿ ಕೀಲಿ ಪಡೆದವರು ಯಜ್ಞನಾರಾಯಣರೇ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಪೊಲೀಸರು ತಿರುವನಂತಪುರದ ಚಾಲೈ ಪೇಟೆಯಲ್ಲಿ, ಮಸಾಲೆ ಅಂಗಡಿಯೊಂದರ ಮೇಲಿದ್ದ ಯಜ್ಞನಾರಾಯಣರ ಮನೆಗೆ ಹತ್ತಿದರು. ಬಾಗಿಲು ತೆರೆದವರು, ಗಡಿ ಹಳ್ಳಿಯಿಂದ ಅವರ ಜೊತೆಗೇ ಬಂದು ಈಗ ಪಕ್ಕದ ಮನೆಯಲ್ಲಿರುವ ಶಾಂತಾ. ದಳದವರು ಮೊದಲು ಕೊಂದದ್ದು ಇವರ ಗಂಡ ಕಾಶೀನಾಥನನ್ನು. ವಿಠಲರ ಕನ್ನಡ ಕೇಳಿ ಊರಿನವರೇ ಬಂದಷ್ಟು ಖುಷಿಪಟ್ಟು ಚಹಾ ಮಾಡಲು ಒಳಗೆ ಹೋದರು.

ಕಾರ್ಡು ಮಂಚದಡಿಯ ಹಳೆಯ ಸಕ್ಕರೆ ಡಬ್ಬಿಯಲ್ಲಿತ್ತು. ಯಜ್ಞನಾರಾಯಣ ಅಡುಗೆಮನೆಯ ಬಾಗಿಲು ಓರೆ ಮಾಡಿದರು.

“ಅವತ್ತು ದಳದವ್ರು ಕಾಶೀನಾಥನ ಮನೆ ಯಾವುದು ಅಂತ ಕೇಳಿದ್ರು. ಕುತ್ತಿಗೆಗೆ ಕತ್ತಿ ಇತ್ತು. ನಾನು ಬೆರಳು ತೋರಿಸಿದೆ,” ಎಂದರು ಪಿಸುದನಿಯಲ್ಲಿ. “ಶಾಂತಾಗೆ ಗೊತ್ತಿಲ್ಲ. ಅಂದಿನಿಂದ ನನ್ನನ್ನು ಅಣ್ಣ ಅಂತಾಳೆ.”

ಕಾರ್ಡು ವಶಪಡಿಸಿಕೊಂಡ ಪಂಚನಾಮೆಗೆ ಇಬ್ಬರು ಸ್ಥಳೀಯ ಸಾಕ್ಷಿಗಳು ಬೇಕಿತ್ತು. ಕೆಳಗಿನ ಅಂಗಡಿಯವನು ಸಹಿ ಹಾಕಿದ. ಇನ್ನೊಬ್ಬರನ್ನು ಕರೆಸುವಷ್ಟರಲ್ಲಿ ಶಾಂತಾ ಚಹಾದ ತಟ್ಟೆ ಇಟ್ಟು ಪೆನ್ನು ತೆಗೆದುಕೊಂಡರು. ಅಣ್ಣ ಏನೇ ಮಾಡಿದ್ದರೂ ಜೊತೆಗೆ ತಾನಿರುತ್ತೇನೆ ಎಂದರು. ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು. ವಿಠಲ ಕಾಗದವನ್ನು ಅವರ ಮುಂದೆ ಸರಿಸಿದರು.

ಹನ್ನೆರಡೂವರೆಗೆ ಬಂಧನ. ಜೀಪಿನಲ್ಲಿ ಯಜ್ಞನಾರಾಯಣ ದಳದವರ ಸುದ್ದಿಯನ್ನೇ ಎತ್ತಲಿಲ್ಲ. ಅವರ ಹೆದರಿಕೆ ಬೇರೆಯದೇ ಆಗಿತ್ತು.

“ಕೋರ್ಟಲ್ಲಿ ಆ ಕಾರ್ಡು ಕೇಳಿಸ್ತಾರಾ?”

“ಕೇಳಿಸ್ತಾರೆ.”

“ಶಾಂತಾ ಅಲ್ಲಿ ಇರ್ತಾಳಾ?”

“ಸಹಿ ಹಾಕಿದವರನ್ನು ಕರೀತಾರೆ,” ಎಂದರು ವಿಠಲ.