ಬಿಳಿ ಶರ್ಟಿನ ಮೇಲಿನ ಪಟ್ಟೆ

ಸೇಫ್ಟಿ ಮೇಡಂಗೆ ಡಿಪೋದ ಡ್ರೈವರುಗಳೆಲ್ಲ ಅಣ್ಣಂದಿರೇ. ಗಡ್ಡ ನರೆತವರೂ ಅಣ್ಣ, ನಿನ್ನೆ ಮೊನ್ನೆ ಲೈಸೆನ್ಸ್ ತೆಗೆದುಕೊಂಡವರೂ ಅಣ್ಣ. "ಅಣ್ಣ, ನಿದ್ದೆ ಬಂದ್ರೆ ಗಾಡಿ ಸೈಡಿಗೆ ಹಾಕಿ", "ಅಣ್ಣ, ಮೊಬೈಲ್ ಒಳಗಿಡಿ" ಅಂತ ದಿನವಿಡೀ ಅವಳ ದನಿ ಕೇಳುತ್ತಿತ್ತು. ಅಣ್ಣ ಅನ್ನಿಸಿಕೊಳ್ಳದೆ ಉಳಿದವನು ಸೈಲೆಂಟು ಒಬ್ಬನೇ.

ಅವನಿಗೆ "ರೀ" ಅನ್ನುತ್ತಿದ್ದಳು, ಅಷ್ಟೇ. ಅದನ್ನು ಇನ್ನೊಂದು ಸಲ ಕೇಳುವ ಆಸೆಗೆ ಅವನು ಕಿವುಡನ ಹಾಗೆ ನಿಂತುಬಿಡುತ್ತಿದ್ದ.

ಸೈಲೆಂಟು ಅನ್ನುವ ಅಡ್ಡಹೆಸರು ಬಂದಿದ್ದು ಅವನ ಲಾರಿಯಿಂದ. ಸೀಟ್ ಬೆಲ್ಟ್ ಹಾಕದೆ ಹೊರಟರೆ ಲಾರಿ ಕುಂಯ್‌ಗುಟ್ಟುತ್ತದೆ, ಸುದ್ದಿ ಆಫೀಸಿನ ಕಂಪ್ಯೂಟರಿಗೂ ಹೋಗುತ್ತದೆ. ಅವನ ಲಾರಿ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಮೇಡಂ ಅವನ ಫೋಟೋವನ್ನು ಗೇಟಿನ ಪಕ್ಕ ಹೆಮ್ಮೆಯಿಂದ ಅಂಟಿಸಿದ್ದಳು.

ಅಸಲು ಸಂಗತಿ ಬೇರೆ. ಬೆಲ್ಟ್ ಸಿಗಿಸುವ ಜಾಗಕ್ಕೆ ಅವನು ಹಳೇ ಬೆಲ್ಟೊಂದರ ತುದಿಯ ಕಬ್ಬಿಣದ ಪಟ್ಟಿಯನ್ನು ತುರುಕಿಟ್ಟಿದ್ದ. ಬೆಲ್ಟ್ ಹಾಕಿದ್ದಾನೆ ಅಂದುಕೊಂಡು ಲಾರಿ ತೆಪ್ಪಗಿರುತ್ತಿತ್ತು. ಊರೆಲ್ಲ ಸುತ್ತಿ ಸಾಮಾನು ಇಳಿಸುವವನಿಗೆ ಹತ್ತಿ ಇಳಿದಾಗಲೆಲ್ಲ ಬೆಲ್ಟ್ ಹಾಕುವುದು ಕಿರಿಕಿರಿ. ಫೋಟೋ ಅಂಟಿಸಿದ ದಿನವೇ ಹೇಳಬೇಕಿತ್ತು. ಅವಳ ನಗು ನೋಡಿ ನಾಲಿಗೆ ಹೊರಳಲಿಲ್ಲ.

ಇವತ್ತು ಮೇಡಂ ಅವನ ಜೊತೆ ಲಾರಿಯಲ್ಲಿ ಒಂದು ಸುತ್ತು ಬಂದು ಡ್ರೈವಿಂಗ್ ನೋಡುವವಳಿದ್ದಳು. ಆಮೇಲೆ ಮೀಟಿಂಗ್‌ನಲ್ಲಿ ಅವನು ಬೆಲ್ಟ್ ಬಗ್ಗೆ ನಾಲ್ಕು ಮಾತಾಡಬೇಕು. ಅವನು ಆ ಪಟ್ಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಬಿಳಿ ಶರ್ಟಿಗೆ ಗರಿಗರಿಯಾಗಿ ಇಸ್ತ್ರಿ ಹೊಡೆದಿದ್ದ.

"ಏನ್ರೀ, ಮದುವೆಗೆ ಹೊರಟ ಹಾಗಿದೆ?" ಪಕ್ಕದ ಸೀಟಿಗೆ ಹತ್ತುತ್ತ ಅವಳು ಕೇಳಿದಳು.

"ಹುಡುಗಿ ಒಪ್ಪಿದ್ರೆ ಹೊರಡೋದೇ."

"ರಸ್ತೆ ನೋಡಿ, ರಸ್ತೆ." ಅವಳು ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲಿ ಅವಳ ನಗು ಕಾಣುತ್ತಿತ್ತು. ಅವನು ಎಂದೂ ಇಲ್ಲದ ಹಾಗೆ ಬೆಲ್ಟ್ ಎಳೆದು ಕಟ್ಟಿಕೊಂಡು ಹದವಾಗಿ ಓಡಿಸಿದ.

ವಾಪಸ್ ಬಂದು ಇಳಿದಾಗ ಅವಳ ನಗು ಅರ್ಧಕ್ಕೇ ನಿಂತಿತು. ಅವಳು ಅವನ ಎದೆಯನ್ನೇ ನೋಡುತ್ತಿದ್ದಳು. ಅವನೂ ತಲೆ ಬಗ್ಗಿಸಿ ನೋಡಿಕೊಂಡ. ಹೆಗಲಿಂದ ಸೊಂಟದವರೆಗೆ ಒಂದು ಅಗಲವಾದ ಕಪ್ಪು ಪಟ್ಟೆ. ವರ್ಷಗಟ್ಟಲೆ ಯಾರೂ ಮುಟ್ಟದ ಬೆಲ್ಟಿನ ಧೂಳು ಬಿಳಿ ಬಟ್ಟೆಯ ಮೇಲೆ ಅಚ್ಚೊತ್ತಿತ್ತು.

ಯಾವುದನ್ನೂ ವಿವರಿಸಿ ಹೇಳಬೇಕಾಗಿರಲಿಲ್ಲ.

"ನಿಮ್ಮನ್ನು ನೋಡಿ ಕಲೀರಿ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗಿದೆ," ಅಂದಳು. ಆಮೇಲೆ ತಣ್ಣಗೆ, "ಮೀಟಿಂಗ್‌ಗೆ ಹೊತ್ತಾಯ್ತು, ಬನ್ನಿ ಅಣ್ಣ."

ಅಣ್ಣ! ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಮೀಟಿಂಗ್ ರೂಮಿನ ಬಾಗಿಲಲ್ಲಿ ಟ್ಯಾಂಕರ್ ಓಡಿಸುವ ಹಿರಿಯ ಡ್ರೈವರ್ ಅವನನ್ನು ತಡೆದು ತನ್ನ ಜಾಕೆಟ್ ಬಿಚ್ಚಿಕೊಟ್ಟ. "ಹಾಕ್ಕೊಳ್ಳಪ್ಪ, ಯಾರಿಗೂ ಗೊತ್ತಾಗಲ್ಲ. ನೀನು ಬೆಲ್ಟ್ ಹಾಕ್ತೀಯ ಅಂತ ಕೇಳಿದ ಮೇಲೇ ನಾನು ಈ ವಯಸ್ಸಲ್ಲಿ ಹಾಕೋಕೆ ಶುರುಮಾಡಿದ್ದು. ಅವತ್ತು ಬ್ರೇಕ್ ಹೊಡೆದಾಗ ತಲೆ ಉಳೀತು ನೋಡು."

ಸೈಲೆಂಟಿಗೆ ನಿಂತಲ್ಲೇ ನಾಚಿಕೆಯಿಂದ ಮೈ ಹಿಡಿಯಾಯಿತು. ಜಾಕೆಟ್ಟನ್ನು ವಾಪಸ್ ಕೊಟ್ಟು, ಎಲ್ಲರ ಮುಂದೆ ಹೋಗಿ ನಿಂತ. ಜೇಬಿನಿಂದ ಕಬ್ಬಿಣದ ಪಟ್ಟಿ ತೆಗೆದು ಟೇಬಲ್ ಮೇಲಿಟ್ಟ.

"ನನ್ನ ಲಾರಿ ಯಾಕೆ ಕೂಗಲ್ಲ ಅಂದ್ರೆ, ಇದಕ್ಕೆ," ಅಂದ. "ನಾನು ಬೆಲ್ಟ್ ಹಾಕಿದ್ದು ಇವತ್ತೇ ಮೊದಲು. ಶರ್ಟೇ ಸಾಕ್ಷಿ. ಆ ಫೋಟೋ ತೆಗೆದುಬಿಡಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಿರಿಯ ಡ್ರೈವರ್ ಮಾತ್ರ ಮಡಿಲಲ್ಲಿದ್ದ ಜಾಕೆಟ್ಟಿನಿಂದ ಕಣ್ಣೆತ್ತಲಿಲ್ಲ. ಸೈಲೆಂಟಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮೇಡಂ ಹೊರಗೆ ಹೋಗಿ ತಾನೇ ಫೋಟೋ ಕಿತ್ತಳು.

ಅಂದು ಸಂಜೆ ಅವನು ಬೆಲ್ಟನ್ನು ಸೋಪಿನ ನೀರಲ್ಲಿ ಉಜ್ಜಿ ಉಜ್ಜಿ ತೊಳೆದ. ಮಾರನೇ ದಿನದಿಂದ ಬಿಳಿ ಶರ್ಟನ್ನೇ ತೊಡುತ್ತಿದ್ದ. ಡ್ಯೂಟಿ ಮುಗಿಸಿ ಬಂದಾಗಲೆಲ್ಲ ಅವಳ ಕಿಟಕಿಯ ಮುಂದೆ ಹಾದು ಹೋಗುತ್ತಿದ್ದ, ಎದೆಯ ಮೇಲೆ ಬೆಲ್ಟ್ ಒತ್ತಿದ ಸುಕ್ಕು ಕಾಣುವ ಹಾಗೆ, ತಲೆ ತಗ್ಗಿಸಿಕೊಂಡೇ. ಸಿಕ್ಕಾಗ ಅವಳು "ನಮಸ್ಕಾರ ಅಣ್ಣ" ಅನ್ನುತ್ತಿದ್ದಳು. ಅವನು ಅದನ್ನು ನುಂಗಿಕೊಳ್ಳುತ್ತಿದ್ದ.

ಹೀಗೇ ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಲಾರಿಯ ಪಕ್ಕದ ಬಾಗಿಲು ತೆರೆಯಿತು. ಅಚ್ಚ ಬಿಳಿ ಚೂಡಿದಾರ್‌ನಲ್ಲಿ ಅವಳು ಹತ್ತಿ ಕೂತಳು.

"ಕೊಳೆ ಆಗುತ್ತೆ ಮೇಡಂ," ಅಂದ, ಅವಳ ಮುಖ ನೋಡುವ ಧೈರ್ಯವಿಲ್ಲದೆ.

ಅವಳು ಬೆಲ್ಟ್ ಎಳೆದು ಕಟ್ಟಿಕೊಂಡಳು, ಮತ್ತೆ ಬಿಚ್ಚಿದಳು. ಬಟ್ಟೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. "ಈ ಸೀಟಲ್ಲಿ ಯಾರೂ ಕೂರಲ್ಲ ಅಲ್ವಾ? ಇದನ್ನ ಯಾಕೆ ತೊಳೆದಿರಿ?"

"ದಿನಾ ತೊಳೀತೀನಿ," ಅಂದ. "ನೀವು ಯಾವತ್ತಾದ್ರೂ ಬಂದ್ರೆ ಅಂತ. ನಿಮ್ಮನ್ನ ಎಲ್ಲರ ಮುಂದೆ ತಲೆ ತಗ್ಗಿಸೋ ಹಾಗೆ ಮಾಡಿದೆ. ತಾನು ಇಷ್ಟಪಡೋಳಿಗೆ ಯಾರಾದ್ರೂ ಹಾಗೆ ಮಾಡ್ತಾರಾ?"

ಅವಳು ಬೆಲ್ಟನ್ನು ಮತ್ತೆ ಕಟ್ಟಿಕೊಂಡು, ಮುಂದಿನ ರಸ್ತೆಯನ್ನೇ ನೋಡುತ್ತ ಹೇಳಿದಳು:

"ಹೊರಡಿ. ನಿಧಾನ, ರೀ."