ಹಿಂದಿನ ಸಾಲಿನ ತೆರಪು

ಆ ಶನಿವಾರ ಬೆಳಿಗ್ಗೆ ಹಳ್ಳದ ಕಡೆಯಿಂದ ಎದ್ದ ಮಂಜು ಮೈದಾನದ ಮೇಲೆ ಮಲಗಿಬಿಟ್ಟಿತ್ತು. ಗೋಲಿನ ನಾಲ್ಕು ಕಂಬಗಳೂ ಸೊಂಟದಿಂದ ಮೇಲಷ್ಟೇ ಕಾಣುತ್ತಿದ್ದವು, ನೀರಿಗಿಳಿದು ಪ್ರಾರ್ಥನೆಗೆ ನಿಂತವರ ಹಾಗೆ.

ಹೇಝಲ್ ಪ್ರೌಟ್ ಚಹಾದ ಹಂಡೆಗೆ ನೀರು ತುಂಬುತ್ತ ಕಿಟಕಿಯಲ್ಲಿ ನೋಡುತ್ತಿದ್ದಳು. ಮೆಲ್ಬರ್ನಿನ ಅಂಚಿನ ಬ್ರಿಕ್‌ವೇಲ್ ಫುಟ್‌ಬಾಲ್ ಕ್ಲಬ್ಬಿಗೆ ಆ ವರ್ಷ ಎಪ್ಪತ್ತೈದು. ಅವಳಿಗೂ ಹೆಚ್ಚುಕಡಿಮೆ ಅಷ್ಟೇ. ಇಟ್ಟಿಗೆಗೂಡಿನ ಆಳುಗಳು ಹಸುಗಳನ್ನು ಅಟ್ಟಿ ಆಡಲು ಶುರುಮಾಡಿದ ಬಯಲು ಅದು. ಆಮೇಲೆ ತಗಡಿನ ಶೆಡ್ ಬಂತು, ಗೂಡು ಮುಚ್ಚಿತು, ಸುತ್ತ ಮನೆಗಳೆದ್ದವು. ಬದಲಾಗದ್ದು ಒಂದೇ. ವರ್ಷಕ್ಕೊಮ್ಮೆ ತಂಡದ ಫೋಟೋ ತೆಗೆಯುವಾಗ ಹಿಂದಿನ ಸಾಲಿನ ನಡುವೆ ಒಬ್ಬ ನಿಲ್ಲುವಷ್ಟು ಜಾಗ ಬಿಡುತ್ತಿದ್ದರು.

ಅದು ಆಲ್ಫ್ ಡನ್‌ಸ್ಟನ್ನನ ಜಾಗ. ಯುದ್ಧಕ್ಕೆ ಹೊರಡುವ ಮೊದಲಿನ ಕೊನೆಯ ಪಂದ್ಯದಲ್ಲಿ ಅವನ ಬೂಟಿನ ಲೇಸು ಕಿತ್ತಾಗ ಹೇಝಲ್ ತನ್ನ ಜಡೆಯ ನೀಲಿ ರಿಬ್ಬನ್ನು ಬಿಚ್ಚಿ ಕೊಟ್ಟಿದ್ದಳು. ಇದನ್ನು ವಾಪಸು ಕೊಡುವವರೆಗೆ ಬೇರೆ ಯಾರಿಗೂ ಹೂಂ ಅನ್ನಬೇಡ ಎಂದು ನಗುತ್ತ ಹಡಗು ಹತ್ತಿದವನು ಮರಳಲಿಲ್ಲ. ಆ ತಮಾಷೆಯ ಮಾತನ್ನು ಅವಳು ಹರಕೆಯಂತೆ ಕಾಪಾಡಿಕೊಂಡು ಬಂದಿದ್ದಳು.

ಅವಳನ್ನು ಕಾದವನು ಕ್ಲೆಮ್ ಹಾರ್ಗನ್, ಕ್ಲಬ್ಬಿನ ಗೋಲ್ ಅಂಪೈರ್. ಗೋಲಾದರೆ ಎರಡು ಬಾವುಟ ಎತ್ತುತ್ತಾನೆ, ಕೂದಲೆಳೆಯಲ್ಲಿ ತಪ್ಪಿದರೆ ಒಂದು. ವರ್ಷ ವರ್ಷವೂ ಫೋಟೋದ ದಿನ ನನ್ನ ಮದುವೆಯಾಗ್ತೀಯಾ ಎಂದು ಅವಳನ್ನು ಕೇಳುವುದು ಅವನ ಪದ್ಧತಿ. ಈ ಸಲ ಪರ್ತ್‌ನ ತಂಗಿಯ ಮನೆಗೆ ಹೊರಟುಬಿಡುವ ಮಾತೂ ಜೊತೆಗಿತ್ತು.

"ಪ್ರತಿ ವರ್ಷ ನಂಗೆ ಒಂದೇ ಬಾವುಟ ತೋರಿಸ್ತೀಯಲ್ಲೇ," ಎಂದ, ಬಿಳಿ ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಳ್ಳುತ್ತ.

"ಮೊದ್ಲು ಗುಂಡಿ ನೆಟ್ಟಗೆ ಹಾಕ್ಕೊ, ಮುದುಕಾ," ಎಂದು ಅವಳೇ ಸರಿಪಡಿಸಿದಳು. ಬೆರಳುಗಳು ಕೊನೆಯ ಗುಂಡಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತವು. ಬೇಡ ಎನ್ನಲು ಅವಳಿಗೆ ಮನಸ್ಸಿರಲಿಲ್ಲ. ಹೂಂ ಎನ್ನಲು ಹಕ್ಕಿರಲಿಲ್ಲ.

ಹೊರಗೆ ಕ್ಯಾಮೆರಾ ಕ್ಲಿಕ್ಕೆಂದಿತು. ಹಿಂದೆಯೇ ಎಲ್ಲರ ತಲೆಯೂ ಹಿಂದಿನ ಸಾಲಿನತ್ತ ತಿರುಗಿತು. ಟಾಸ್ಮೇನಿಯಾದಿಂದ ಹೊಸದಾಗಿ ಬಂದಿದ್ದ ಟೋಬಿಯಸ್‌ಗೆ ಯಾರೂ ಹೇಳಿರಲಿಲ್ಲ. ಅವನು ಹೋಗಿ ಆ ತೆರಪಿನಲ್ಲೇ ನಿಂತುಬಿಟ್ಟಿದ್ದ. ಯಾರೋ ಬೈದರು, ಯಾರೋ ಶಿಲುಬೆಯ ಗುರುತು ಮಾಡಿಕೊಂಡರು.

ಕ್ಷಮೆ ಕೇಳಲು ಅವನು ನೇರ ಚಹಾದ ಕೋಣೆಗೇ ಬಂದ.

"ನಂಗೆ ಗೊತ್ತಿರ್ಲಿಲ್ಲ ಅಜ್ಜಿ. ಆದ್ರೆ ಹಿಂದೆ ನಿಂತಿದ್ದ ಅಣ್ಣ ತಾನೇ ಜಾಗ ಬಿಟ್ಟ. 'ನಿಂತು ನಿಂತು ಸಾಕಾಯ್ತು ಮಾರಾಯ, ಇನ್ನು ನೀನು ನಿಲ್ಲು' ಅಂದ. ನನ್ನ ಲೇಸು ಕಿತ್ತಿತ್ತು, ಕಟ್ಟಿಕೊಳ್ಳೋಕೆ ಇದನ್ನೂ ಕೊಟ್ಟ. ಒಲೆ ಹತ್ರ ಇರೋರಿಗೆ ತಲುಪಿಸು ಅಂದ."

ಹಿಂದಿನ ಸಾಲಿನ ಹಿಂದೆ ಇದ್ದದ್ದು ಬೇಲಿ ಮತ್ತು ಮಂಜು.

ಹೇಝಲ್ ಬಗ್ಗಿ ನೋಡಿದಳು. ಅವನ ಎಡಗಾಲ ಬೂಟಿನಲ್ಲಿ ನೀಲಿ ರಿಬ್ಬನ್ನು. ಅದರ ತುದಿಯಲ್ಲಿ, ಬಿಚ್ಚಿಕೊಳ್ಳದಿರಲೆಂದು ಅವಳ ಅಮ್ಮ ಹಾಕಿದ್ದ ಬಿಳಿ ದಾರದ ಹೊಲಿಗೆ.

ಹಂಡೆ ಕುದಿಯತೊಡಗಿತು. ಯಾರೂ ಅದನ್ನು ಇಳಿಸಲಿಲ್ಲ.

"ಕ್ಲೆಮ್," ಎಂದಳು ಅವಳು, ಹಿಂದೆ ತಿರುಗದೆ, ಮೆಲ್ಲಗೆ. "ಎರಡೂ ಬಾವುಟ ಎತ್ತು."

ಬಾವುಟಗಳು ಅವನ ಕಂಕುಳಿನಿಂದ ಜಾರಿ ನೆಲಕ್ಕೆ ಬಿದ್ದವು. ಅವನ ಕೈ ತಡಕಾಡುತ್ತ ಅವಳ ಕೈಯನ್ನು ಹುಡುಕಿಕೊಂಡಿತು.

ಟೋಬಿಯಸ್ ಮಂಡಿಯೂರಿ ಕೂತು ರಿಬ್ಬನ್ನು ಬಿಚ್ಚಿದ, ಕೆಸರನ್ನು ತನ್ನ ಜರ್ಸಿಗೆ ಒರೆಸಿದ, ಅವಳ ಇನ್ನೊಂದು ಅಂಗೈಯಲ್ಲಿಟ್ಟ.