ಕೂದಲಲ್ಲಿ ಹೊಲಿದ ಕಾಗದ

“ಊರಿನ ಹೆಸರು ಎತ್ತು, ತಾರೀಖು ಎತ್ತು, ಫಿರಂಗಿ ಲೆಕ್ಕ ಬರೆದಿದ್ರೆ ಅದನ್ನೂ ಎತ್ತು. ಆದ್ರೆ ‘ಬರ್ತೀನಿ’ ಅಂತ ಬರೆದಿರ್ತಾರಲ್ಲ, ಆ ಮಾತಿಗೆ ಮಾತ್ರ ಬ್ಲೇಡು ಹಾಕಬೇಡ ಕಣಪ್ಪ” ಅಂದ ಅಂಟಿನಜ್ಜ.

ಬ್ಲೇಡು ನಕ್ಕುಬಿಟ್ಟ. ಕೆಲಸಕ್ಕೆ ಸೇರಿದ ವಾರದೊಳಗೇ ಅವನಿಗೆ ಆ ಹೆಸರು ಬಿದ್ದಿತ್ತು. ಅಷ್ಟು ಚುರುಕು ಅವನ ಕೈ.

ಯುದ್ಧದಿಂದ ಸಿಪಾಯಿಗಳು ಹೆಂಡಿರಿಗೆ ಬರೆದ ಕಾಗದವಿರಲಿ, ಊರೊಳಗಿನವರು ಒಬ್ಬರಿಗೊಬ್ಬರು ಬರೆದದ್ದಿರಲಿ, ಎಲ್ಲವೂ ತಪಾಸಣೆ ಕಚೇರಿಯ ಈ ಕೋಣೆಯನ್ನು ಹಾದೇ ಹೋಗಬೇಕು. ಅಜ್ಜ ಲಕೋಟೆ ಬಿಚ್ಚಿ ಹಾಳೆಯನ್ನಷ್ಟೇ ಮೇಜಿಗೆ ದಾಟಿಸುತ್ತಿದ್ದ. ಮೇಜಿನ ಒಂದು ಬದಿಗೆ ಬ್ಲೇಡು, ಎದುರಿಗೆ ಕನ್ನಡಕದವನು. ಶತ್ರುವಿಗೆ ಸುಳಿವು ಕೊಡುವ ಮಾತನ್ನು ಕತ್ತರಿಸಿ ತಗಡಿನ ಡಬ್ಬಿಗೆ ಹಾಕುವುದು ಇವರ ಕೆಲಸ. ತೂತು ಬಿದ್ದ ಹಾಳೆಯನ್ನು ಮತ್ತೆ ಲಕೋಟೆಗೆ ತುರುಕಿ ಮೈದಾ ಅಂಟು ಬಳಿಯುವುದು ಅಜ್ಜನ ಕೆಲಸ. ಸಂಜೆ ಡಬ್ಬಿಯನ್ನು ಒಲೆಗೆ ಸುರಿಯುತ್ತಿದ್ದರು. ವಿಮಾನಗಳಿಗೆ ಬೆಳಕು ಕಾಣಬಾರದೆಂದು ಕಿಟಕಿಗಳಿಗೆಲ್ಲ ಕರಿ ಕಾಗದ ಮೆತ್ತಿದ್ದರು. ನಡುಹಗಲಲ್ಲೂ ದೀಪ. ಹುಳಿತ ಅಂಟಿನ ವಾಸನೆ, ಸುಟ್ಟ ಕಾಗದದ ವಾಸನೆ. ಉಸಿರೆಳೆದರೆ ಗಂಟಲಿಗೆ ಬೂದಿ ಹತ್ತಬೇಕು.

“ಈ ಕುರ್ಚೀಲಿ ನಿನಗಿಂತ ಮುಂಚೆ ಒಬ್ಬ ಕೂತಿದ್ದ” ಅಂದ ಅಜ್ಜ. “ಒಂದಿನ ಸಂಜೆ ಮನೆಗೆ ಅಂತ ಹೊರಟ. ಇನ್ನೂ ಮನೆ ಮುಟ್ಟಿಲ್ಲ.”

“ಯಾವಳ ಮನೆ ಮುಟ್ಟಿದಾನೋ ವಿಚಾರಿಸಜ್ಜ!”

ಕನ್ನಡಕದವನು ಮೇಜು ಬಡಿದು ನಕ್ಕ. ಅಜ್ಜ ನಗಲಿಲ್ಲ.

ಬ್ಲೇಡಿನ ಮುಂದಿದ್ದ ಹಾಳೆಯಲ್ಲಿ ಒಬ್ಬ ಸಿಪಾಯಿ ಬರೆದಿದ್ದ: ‘ಹುಣ್ಣಿಮೆ ಕಳೆದ ಮೇಲೆ ನಮ್ಮ ತುಕಡಿ ಹಿಂದಿರುಗುತ್ತದೆ, ನಾನು ಮನೆಗೆ ಬರ್ತೀನಿ, ಬಾಗಿಲು ತೆಗೆದಿಡು.’ ಹುಣ್ಣಿಮೆಯನ್ನು ಎತ್ತಿ, ತುಕಡಿಯನ್ನು ಎತ್ತಿ, ಉಳಿದದ್ದನ್ನು ಬಿಡುವುದು ಅಜ್ಜನ ಕಾಲದ ಪದ್ಧತಿ. ಹಾಗೆ ಚೂರುಚೂರು ಕೊರೆಯುತ್ತ ಕೂರಲು ಬ್ಲೇಡಿಗೆ ತಾಳ್ಮೆಯೆಲ್ಲಿ? “ನೋಡ್ಕೋ” ಅಂದ ಕನ್ನಡಕದವನಿಗೆ. “ಸಾಲಲ್ಲಿ ಒಂದು ಮಾತು ಕೆಟ್ಟಿದ್ರೆ ಇಡೀ ಸಾಲು ಎತ್ತಿಬಿಡು. ಕೈಗೂ ಸುಖ, ಸಾಹೇಬರಿಗೂ ಖುಷಿ.” ಸರ್ರನೆ ಎಳೆದ. ಸಾಲು ಡಬ್ಬಿಗೆ ಬಿತ್ತು.

ಹುಣ್ಣಿಮೆ ಕಳೆದ ಮೇಲೆ ಆ ಹಾಳೆ ವಾಪಸ್ಸು ಬಂತು. ಲಕೋಟೆಯ ಮೇಲೆ ‘ಕತ್ತರಿಸಿದವನಿಗೆ’ ಎಂದಷ್ಟೇ ಇತ್ತು. ತೂತನ್ನು ಹೊಲಿದು ಮುಚ್ಚಿದ್ದರು. ದಾರದಲ್ಲಲ್ಲ, ಹೆಂಗಸಿನ ಉದ್ದ ಕೂದಲಲ್ಲಿ. ತುದಿಗೆ ಗಂಟು, ಗಂಟಿನ ಮೇಲೆ ಒಣಗಿದ ರಕ್ತದಂಥ ಕಲೆ.

ಅಜ್ಜ ಅಂಟಿನ ಬಟ್ಟಲು ಕೆಳಗಿಟ್ಟ. “ಇದು ಬಟ್ಟೆ ಹೊಲಿಯೋ ಆ ಹೊಲಿಗೆಯವಳ ಮನೆಗೆ ಹೋಗಿದ್ದ ಕಾಗದ, ಲಕೋಟೆ ಅಂಟಿಸಿದ್ದು ನಾನೇ. ಬ್ಲೇಡು ತಾಗಿಸಬೇಡ. ಈಗಲೇ ತಗೊಂಡು ಹೋಗಿ ಅವಳ ಕೈಗೆ ಕೊಟ್ಟು ತಪ್ಪಾಯ್ತು ಅನ್ನು. ಅವಳೇ ಬಿಚ್ಚಬೇಕು.”

“ನನ್ನ ಹೆಂಡತಿಗೆ ದಿನ ತುಂಬಿದೆ ಅಜ್ಜ. ಬೆಳಿಗ್ಗೆಯಿಂದ ನೋವು. ಬೇಗ ಬನ್ನಿ ಅಂತ ಕೈ ಹಿಡ್ಕೊಂಡು ಕಳಿಸಿದಾಳೆ. ಕಂಡವರ ಮನೆ ಬಾಗಿಲಿಗೆ ಅಡ್ಡಬೀಳ್ತಾ ಕೂರ್ಲಾ?” ಎಂದವನೇ ಬ್ಲೇಡು ಎತ್ತಿ ಗಂಟು ಕತ್ತರಿಸಿದ. ಹಾಳೆಯನ್ನು ಮುದುಡಿ ಒಲೆಗೆ ಎಸೆದ. ಕೂದಲು ಸುಟ್ಟ ನಾತ ಕೋಣೆ ತುಂಬಿತು. ಒಂದೇ ಒಂದು ಎಳೆ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು. ಕಿತ್ತರೆ ಬರಲಿಲ್ಲ.

“ನೋಡಿದ್ರಾ? ಏನೂ ಆಗ್ಲಿಲ್ಲ” ಅಂದ.

ಸಂಜೆ ಚೀಲ ಹೆಗಲಿಗೇರಿಸಿ ಹೊರಟ. ಬ್ರೆಡ್ ಅಂಗಡಿ, ನೀರಿನ ಪಂಪು, ಮರದ ಸೇತುವೆ, ಆಮೇಲೆ ಅವನ ಬೀದಿ. ಕಣ್ಣು ಕಟ್ಟಿ ಬಿಟ್ಟರೂ ನಡೆಯುವ ದಾರಿ. ಬೀದಿಯ ತಿರುವು ದಾಟಿದ. ಎದುರಿಗೆ ಕಚೇರಿಯ ಬಾಗಿಲು.

ಹೆಂಡತಿಯ ಯೋಚನೆಯಲ್ಲಿ ದಾರಿ ತಪ್ಪಿತು ಅಂದುಕೊಂಡ. ಮತ್ತೆ ಹೊರಟ. ಅಂಗಡಿ. ಪಂಪು. ಸೇತುವೆ. ತಿರುವು. ಕಚೇರಿಯ ಬಾಗಿಲು. ಗೋಡೆ ಸವರುತ್ತ ಹೋದ. ಓಡಿದ. ಬೀದಿ ದೀಪಗಳಿಲ್ಲದ ಊರು ಬಾವಿಯಂತೆ ಕಪ್ಪಗಿತ್ತು. ಕೊನೆಗೆ ತನ್ನ ಮನೆಯ ಹಸಿರು ಬಾಗಿಲೇ ಸಿಕ್ಕಿತು! ಒಳಗಿನಿಂದ ಹೆಂಡತಿಯ ನರಳಾಟ. “ರೀ... ಬಂದ್ರಾ?” ಬಂದೆ ಕಣೇ ಎನ್ನುತ್ತ ದೂಡಿದ.

ಮೈದಾ ಅಂಟಿನ ವಾಸನೆ. ಮೇಜು. ಕುರ್ಚಿ. ಡಬ್ಬಿ.

ಬೀಗ ಹಾಕಲು ನಿಂತಿದ್ದ ಅಜ್ಜ ಇವನನ್ನು ನೋಡಿ ಗೋಡೆಗೆ ಒರಗಿದ. “ಶುರುವಾಯ್ತಾ ಮಗಾ?”

ಬ್ಲೇಡು ಕೈ ಚಾಚಿ ತೋರಿಸಿದ. ಹೆಬ್ಬೆರಳು ನೀಲಿಗಟ್ಟಿತ್ತು.

“ಮನೆಯೊಂದು ಬಿಟ್ಟು ಇನ್ನೆಲ್ಲಿಗಾದ್ರೂ ಹೋಗ್ತೀಯ. ಆ ಹೊಲಿಗೆಯವಳ ಹತ್ರ ಹೋಗು. ಓಡು!”

ಹೊಲಿಗೆಯವಳು ಮಿಷನ್ ಮುಂದೆ ಕೂತಿದ್ದಳು. ಸೂಜಿಯ ಕೆಳಗೆ ಬಟ್ಟೆಯಿಲ್ಲದಿದ್ದರೂ ತುಳಿಯುತ್ತಿದ್ದಳು. ಟಕ ಟಕ ಟಕ. ಇವನು ಹೊಸ್ತಿಲಲ್ಲೇ ಕೂತ.

“ಕಾಗದ ಎಲ್ಲಿ?” ಅಂದಳು.

“ಸುಟ್ಟೆ ತಾಯಿ.”

ಮಿಷನ್ ನಿಂತಿತು. “ಹುಣ್ಣಿಮೆ ಮಾರನೇ ದಿನ ನನ್ನ ಗಂಡ ಬಂದ. ಕಾಗದದ ತೂತಿಗೆ ಕಣ್ಣಿಟ್ಟರೆ ನೀನು ಕೂತಿದೀಯಲ್ಲ, ಅಲ್ಲೇ ನಿಂತಿದ್ದ. ಕಾಗದ ಇಳಿಸಿದರೆ ಇಲ್ಲ. ಒಳಗೆ ಬಾ ಅಂದ್ರೆ ಬರೋಕಾಗಲ್ಲ. ಬರ್ತೀನಿ ಅನ್ನೋ ಮಾತನ್ನೇ ನೀನು ಕಿತ್ತಿದ್ದೆ. ಹೊಟ್ಟೆ ಉರಿದುಹೋಯ್ತು. ಕೂದಲು ಕಿತ್ತು ಹೊಲಿದೆ, ಕತ್ತರಿಸಿದವನೂ ಹೀಗೇ ಬಾಗಿಲಲ್ಲಿ ನಿಲ್ಲಲಿ ಅಂತ. ಇದು ಈ ಊರಿನ ಹೆಂಗಸರಿಗೆಲ್ಲ ಗೊತ್ತಿರೋ ಹೊಲಿಗೆ. ನೀನು ತಂದುಕೊಟ್ಟಿದ್ರೆ ಬಿಚ್ಚುತ್ತಿದ್ದೆ. ತೂತಿನಲ್ಲಾದ್ರೂ ಅವನನ್ನ ಮತ್ತೆ ನೋಡ್ತಿದ್ದೆ. ಸುಟ್ಟುಬಿಟ್ಯಲ್ಲೋ, ಹಾಳಾದವನೇ.”

“ನನ್ನ ಹೆಂಡತಿ ಹೆರೋಕೆ ಒಬ್ಬಳೇ ಬಿದ್ದಿದಾಳೆ. ಅವಳೇನು ಮಾಡಿದಳು ತಾಯಿ?”

“ನಾನೇನು ಮಾಡಿದ್ದೆ?”

ಹೊಲಿಗೆಯವಳು ಅವನತ್ತ ಒಂದು ಖಾಲಿ ಹಾಳೆ ಎಸೆದಳು. “ಬರ್ತೀನಿ ಅಂತ ಅವಳಿಗೆ ಬರಿ. ಡಬ್ಬಕ್ಕೆ ಹಾಕು. ಆ ಮಾತು ಇಡಿಯಾಗಿ ಮುಟ್ಟಿದರೆ ನೀನೂ ಮುಟ್ತೀಯ.”

ಅಲ್ಲೇ ಕೂತು ಗೀಚಿದ. ಬೀದಿಯ ಅಂಚೆ ಡಬ್ಬಕ್ಕೆ ಹಾಕಿದ. ಸೇತುವೆಗೆ ಬಂದು ಕಂಬಿ ತಬ್ಬಿ ಕೂತ. ಬೆಳಗಾಯಿತು. ಅಂಚೆಯವನು ಚೀಲ ಹೊತ್ತು ಕಚೇರಿಯ ಕಡೆ ಹೋದದ್ದನ್ನು ಕಂಡ. ಅಜ್ಜ ಇದ್ದಾನೆ, ಆ ಮಾತು ಉಳಿಸುತ್ತಾನೆ ಎಂದು ಸಮಾಧಾನ ಮಾಡಿಕೊಂಡ. ಬರೆದ ಸಾಲನ್ನು ಬಾಯಲ್ಲೇ ಹೇಳಿಕೊಂಡ. ‘ಹೆದರಬೇಡ, ಮರದ ಸೇತುವೆ ದಾಟಿ ಬರ್ತೀನಿ.’

ದಿಗ್ಗನೆ ಎದ್ದ. ಮರದ ಸೇತುವೆ! ಜಾಗದ ಹೆಸರು. ಅದೂ ಅದೇ ಸಾಲಿನಲ್ಲಿ. ದಿನವಿಡೀ ಅಂಥವನ್ನೇ ಹುಡುಕಿ ಕತ್ತರಿಸುವವನು, ತನ್ನ ಕಾಗದದಲ್ಲಿ ತಾನೇ ಬರೆದಿದ್ದ.

ಅಷ್ಟು ಹೊತ್ತಿಗೆ ಕಚೇರಿಯಲ್ಲಿ ಆ ಹಾಳೆ ಕನ್ನಡಕದವನ ಮುಂದೆ ಬಿದ್ದಿತ್ತು. “ಸೇತುವೆ ಮಾತ್ರ ಎತ್ತು” ಎಂದು ಅಂಟು ಕಲಸುತ್ತಿದ್ದ ಅಜ್ಜ ಕೂಗುವಷ್ಟರಲ್ಲಿ ಕನ್ನಡಕದವನ ಕೈಯ ಬ್ಲೇಡು ಸರ್ರೆಂದಿತ್ತು. “ಬ್ಲೇಡಣ್ಣ ಹೇಳಿಕೊಟ್ಟಿದಾನಲ್ಲಜ್ಜ” ಎಂದು ನಕ್ಕ ಅವನು. “ಇಡೀ ಸಾಲು ಎತ್ತಿದರೆ ಕೈಗೂ ಸುಖ.”

ಬ್ಲೇಡು ಕಚೇರಿಯ ಕಡೆ ಓಡಿದ. ಪಂಪು ಬರಲಿಲ್ಲ. ಅಂಗಡಿ ಬರಲಿಲ್ಲ. ತಿರುಗಿದ. ಮತ್ತೆ ಸೇತುವೆ. ಮತ್ತೆ ಓಡಿದ. ಕಾಲು ಸೋತಿತು. ಬೆಳಕು ಸೋತಿತು. ಎಲ್ಲ ದಾರಿಯೂ ಈಗ ಒಂದೇ ಕಡೆಗೆ ತಿರುಗಿತು. ಹಸಿರು ಬಾಗಿಲು. ಅವನ ಮನೆ. ಬಾಗಿಲು ತೆರೆದೇ ಇತ್ತು.

ಒಳಗೆ ದೀಪ. ಹಾಸಿಗೆಯಲ್ಲಿ ಹೆಂಡತಿ. ಮಗ್ಗುಲಲ್ಲಿ ಬಟ್ಟೆ ಸುತ್ತಿದ ಕೂಸು. ಅವಳ ಕೈಯಲ್ಲಿ ಕಾಗದ. ಕಾಗದದ ನಡುವೆ ತೂತು.

ಕಾಲೆತ್ತಿದ. ಹೊಸ್ತಿಲು ದಾಟಲಿಲ್ಲ. ಕೂಗಿದ. ಸದ್ದು ಹೊರಡಲಿಲ್ಲ. ಹೆಬ್ಬೆರಳ ಎಳೆ ಈಗ ಕುತ್ತಿಗೆಯವರೆಗೂ ಸುತ್ತಿತ್ತು.

ಅವಳು ಕಾಗದವನ್ನು ಬೆಳಕಿಗೆ ಹಿಡಿದಳು. ತೂತಿನಲ್ಲಿ ಅವಳ ಕಣ್ಣು ಕಾಣಿಸಿತು. ಆ ಕಣ್ಣು ಅವನ ಮೇಲೆ ನಿಂತಿತು.

“ರೀ!”

ಕಾಗದ ಇಳಿಸಿದಳು. ಬರೀ ಬಾಗಿಲು. ಮತ್ತೆ ಎತ್ತಿದಳು. ಇದ್ದಾನೆ. ಇಳಿಸಿದಳು. ಇಲ್ಲ. ಅವಳ ಮುಖದ ರಕ್ತವೆಲ್ಲ ಇಳಿದು, ಆಮೇಲೆ ಒಟ್ಟಿಗೆ ಏರಿತು.

“ಯಾವನವನು ಕತ್ತರಿಸಿದವನು?” ಅಂದಳು ಹಲ್ಲು ಕಚ್ಚಿ. “ಅವನ ಮನೆ ಬಾಗಿಲಿಗೆ ಅವನೂ ಹೀಗೇ ನಿಲ್ಲಲಿ.”

ಕೂಸನ್ನು ಪಕ್ಕಕ್ಕೆ ಸರಿಸಿದಳು. ದಿಂಬಿನ ಕೆಳಗಿಂದ ಸೂಜಿ ತೆಗೆದಳು. ತಲೆಯಿಂದ ಉದ್ದನೆಯ ಕೂದಲೊಂದನ್ನು ಕಿತ್ತಳು.

ಬೇಡ ಕಣೇ. ಹೊಲಿಬೇಡ. ನಾನು ಕಾಣೋದು ಅದೊಂದರಲ್ಲೇ. ಇಡೀ ಸಾಲು ಎತ್ತೋದು ಕಲಿಸಿದವನು ನಾನೇ ಕಣೇ.

ಅವಳಿಗೆ ಕೇಳಿಸಲಿಲ್ಲ. ಸೂಜಿ ಚುಚ್ಚಿ ಎಳೆದಳು. ಬಾಗಿಲಿನ ಒಂದು ಅಂಚು ಕಪ್ಪಾಯಿತು. ಮತ್ತೆ ಎಳೆದಳು. ದೀಪ ಹೋಯಿತು. ಮತ್ತೆ. ಹಾಸಿಗೆ ಹೋಯಿತು. ಮತ್ತೆ. ಅವಳ ಮುಖ. ಅವಳು ಗಂಟು ಹಾಕಿ ಬಿಗಿದಳು.

ಕತ್ತಲೆಯಲ್ಲಿ ಕೂಸಿನ ಅಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳಿಸಿತು.